ಕೊಡ ಹಿಡಿದು ಬಂದ ಗ್ರಾಮಸಭೆ

ಹೂಗ್ಯಂ ದಾರಿಯ ಆ ಪುಟ್ಟ ಊರಲ್ಲಿ ಕೋಳಿ ಕೂಗುವ ಹೊತ್ತಿಗೆ ಚಿಕ್ಕಮಾದಪ್ಪ ವಾಲ್ವ್ ಗುಂಡಿಯ ಮುಂದೆ ಕುಕ್ಕರಗಾಲಲ್ಲಿ ಕೂತಿರುತ್ತಾರೆ. ಚಕ್ರ ತಿರುಗಿಸಿ ಪೈಪಿಗೆ ಕಿವಿ ಕೊಡುತ್ತಾರೆ. "ಬಂತು ಕಣವ್ವೋ, ನೀರು ಬಂತು!" ಎಂದರೆ ಸಾಕು, ಊರಿಗೆ ಊರೇ ಎದ್ದಂತೆ. ಪಂಚಾಯಿತಿಯ ನೀರುಗಂಟಿ ಅವರು. ಸಂಬಳ ಅಷ್ಟಕ್ಕಷ್ಟೆ, ಬೈಗುಳ ಮಾತ್ರ ಧಾರಾಳ.

ಬೈಯುವುದರಲ್ಲಿ ಕೆಳಗಿನ ಬೀದಿಯವರದೇ ಮೇಲುಗೈ. ಮೇಲಿನ ಬೀದಿಯವರು ನಲ್ಲಿಗೇ ಮೋಟಾರ್ ಹಾಕಿ ನೀರೆಳೆದುಕೊಂಡರೆ ಇವರಿಗೆ ಬರುವುದು ಬರೀ ಗಾಳಿ. "ನಲ್ಲಿ ಬುಸ್ ಅಂತದೆ ಸಾ, ಆವಿನಂಗೆ," ಎನ್ನುತ್ತಾರೆ ಆ ಬೀದಿಯ ಸೋಮಮ್ಮ. ದೂರದ ಬೋರ್‌ವೆಲ್ಲಿನಿಂದ ನೀರು ಹೊತ್ತೂ ಹೊತ್ತೂ ಅವರ ಸೊಂಟವೇ ಬಿದ್ದುಹೋಗಿದೆ.

ಪಂಚಾಯಿತಿ ಅಧ್ಯಕ್ಷೆ ಪುಷ್ಪ, 'ನಲ್ಲಿಗೆ ಮೋಟಾರ್ ಹಾಕುವಂತಿಲ್ಲ' ಎಂಬ ನಿಯಮ ತರಲು ಹೊರಟರು. ಮೊದಲು ಗ್ರಾಮಸಭೆ ಒಪ್ಪಬೇಕು, ಆಮೇಲೆ ಪಂಚಾಯಿತಿ ಸದಸ್ಯರು ಠರಾವು ಮಾಡಬೇಕು. ಸಾಕಷ್ಟು ಜನ ಸೇರದಿದ್ದರೆ ಕೋರಂ ಇಲ್ಲವೆಂದು ಸಭೆ ಮುಂದಕ್ಕೆ. ಎರಡು ಸಲ ಚಿಕ್ಕಮಾದಪ್ಪ ಬೀದಿ ಬೀದಿ ಸುತ್ತಿ ಸಾರಿದ್ದೇ ಬಂತು, ಬಂದವರು ಬೆರಳೆಣಿಕೆ. "ಬರ್ತೀವಿ ಓಗಪ್ಪಾ ಅಂತಾರೆ. ನೀರ್ ಬರೋ ಒತ್ತು ತಪ್ಪೋದ್ರೆ ಅಂತ ಎಂಗಸ್ರು ನಲ್ಲಿ ಬಿಟ್ಟು ಕದಲಾಕಿಲ್ಲ ಸಾ!"

ಮೂರನೆಯ ಸಲ ಚಿಕ್ಕಮಾದಪ್ಪ ಒಂದು ಕಿತಾಪತಿ ಮಾಡಿದರು. ಸಭೆಯ ಹೊತ್ತಿಗೆ ಸರಿಯಾಗಿ ಬೀದಿಗಳ ವಾಲ್ವ್ ಮುಚ್ಚಿ, ಪಂಚಾಯಿತಿ ಕಚೇರಿ ಮುಂದಿನ ನಲ್ಲಿಯೊಂದನ್ನೇ ಬಿಟ್ಟರು. ಅಬ್ಬಬ್ಬಾ! ಕೊಡ, ಬಿಂದಿಗೆ, ಡ್ರಮ್ಮು ಹಿಡಿದು ಎರಡೂ ಬೀದಿಯ ಜನ ಕಚೇರಿ ಅಂಗಳಕ್ಕೆ ಬಂದರು. ನೀರಿಗೆ ಸಾಲು ನಿಂತವರೇ ಸಭೆಯಾದರು. ಪುಷ್ಪ ನಗು ತಡೆಯಲಾರದೆ ಮೈಕ್ ಹಿಡಿದರು.

"ಮೋಟ್ರು ಬಿಚ್ಚಿದ್ರೆ ತಾರಸಿ ಮ್ಯಾಲಿನ ಟ್ಯಾಂಕು ತುಂಬೋದೆಂಗೆ?" ಎಂದು ಮೇಲಿನ ಬೀದಿಯ ಶಿವರುದ್ರಸ್ವಾಮಿ ತಕರಾರು ತೆಗೆದರು.

ಸೋಮಮ್ಮ ಖಾಲಿ ಕೊಡ ಎತ್ತಿ ತೋರಿಸಿದರು. "ಸ್ವಾಮ್ಯೋರೇ, ನಿಮ್ ಟ್ಯಾಂಕು ಅರ್ಧ ತುಂಬ್ಲಿ, ನಂದು ಒಂದ್ ಕೊಡ ತುಂಬ್ಲಿ. ತಪ್ಪಾ?"

ಅಂಗಳವೆಲ್ಲ ಗೊಳ್ಳೆಂದಿತು. ಶಿವರುದ್ರಸ್ವಾಮಿಯೂ ನಕ್ಕುಬಿಟ್ಟರು. ಕೈಗಳು ಎದ್ದವು, ಕಾರ್ಯದರ್ಶಿ ನಡಾವಳಿ ಬರೆದುಕೊಂಡರು. ಮುಂದಿನ ಪಂಚಾಯಿತಿ ಸಭೆಯಲ್ಲಿ ಸದಸ್ಯರ ಠರಾವೂ ಆಯಿತು.

ಇವತ್ತು ಮೋಟಾರ್ ಬಿಚ್ಚುವ ದಿನ. ಸ್ಪ್ಯಾನರ್ ಹಿಡಿದ ಚಿಕ್ಕಮಾದಪ್ಪ ಮೊದಲು ಹೋಗಿ ನಿಲ್ಲುವುದು ತಮ್ಮದೇ ಹಿತ್ತಲಲ್ಲಿ. ಹೌದು, ಅಲ್ಲೂ ಒಂದಿದೆ! ಹೆಂಡತಿ ರಾಮಮ್ಮ ಹಾಕಿಸಿದ್ದು. "ಎಲ್ರೂ ಆಕ್ಸವ್ರೆ ಅಂತ ಆಕ್ಸಿದ್ದೆ. ಸಭೇಲಿ ಕೈ ಎತ್ತಿದ್ದೂ ನಾನೇ ತಾನೆ? ಬಿಚ್ಚಿ ಮತ್ತೆ, ಏನ್ ನೋಡ್ತಾ ನಿಂತ್ರಿ!" ಎಂದು ರಾಮಮ್ಮ ಗದರುತ್ತಾರೆ.

ಮೋಟಾರುಗಳನ್ನೆಲ್ಲ ಬಿಚ್ಚಿ ಮಧ್ಯಾಹ್ನ ಮತ್ತೆ ವಾಲ್ವ್ ತಿರುಗಿಸಿದರೆ ಕೆಳಗಿನ ಬೀದಿಯ ನಲ್ಲಿಯಲ್ಲಿ ನೀರು ಧಾರೆಯಾಗಿ ಬೀಳುತ್ತದೆ. ಸೋಮಮ್ಮನಿಗೆ ಖುಷಿ ತಡೆಯಲಾಗುತ್ತಿಲ್ಲ, ಕೊಡ ತುಂಬಿ ಹರಿದರೂ ನೋಡುತ್ತಲೇ ನಿಂತಿದ್ದಾರೆ. ಚಿಕ್ಕಮಾದಪ್ಪ ಗ್ರೀಸ್ ಮೆತ್ತಿದ ಕೈ ತೊಳೆಯುತ್ತಾ ಹೇಳುತ್ತಾರೆ: "ನಮ್ಮನೇದ್ ಮೊದ್ಲು ಬಿಚ್ಚಿದ್ನಲ್ಲಾ ಸಾ, ಇವತ್ತು ಯಾರ್ ಮನೆ ಬಾಗ್ಲಲ್ ನಿಂತ್ರೂ ತಲೆ ಎತ್ಕಂಡೇ ನಿಂತಿದ್ದೆ."