ಬಂಕಕ್ಕನ ಸೀಟು

ಬಂಕಕ್ಕನಿಗೆ ಆ ಹೆಸರು ಬಂದದ್ದು ಒಂದು ಪೆಟ್ರೋಲ್ ಬಂಕಿನಲ್ಲಿ. ಅವಳೇನು ಅಲ್ಲಿ ಕೆಲಸಕ್ಕಿದ್ದವಳಲ್ಲ. ಅವಳನ್ನು ಅಲ್ಲಿ ಬಿಟ್ಟುಹೋಗಿದ್ದರು. ಬಿಟ್ಟುಹೋದವನು ಬೇರೆ ಯಾರೂ ಅಲ್ಲ, ಕಟ್ಟಿಕೊಂಡ ಗಂಡ.

ದೊಡ್ಡ ಬೈಕು ಓಡಿಸಿ ಗೊತ್ತಿಲ್ಲದವರು ಇದನ್ನು ನಂಬುವುದಿಲ್ಲ. ಹೆಂಡತಿ ಏನು ಛತ್ರಿಯೇ, ಮರೆತು ಬರುವುದಕ್ಕೆ? ಆದರೆ ಈ ಬೈಕುಗಳ ಸಂಗತಿಯೇ ಬೇರೆ. ಬೆಟ್ಟ, ಕಲ್ಲು, ಮರಳು ಎನ್ನದೆ ನುಗ್ಗಲಿಕ್ಕೆಂದೇ ಮಾಡಿದ ಎತ್ತರದ ಗಾಡಿಗಳು. ಎರಡು ಪಕ್ಕಕ್ಕೂ ತಗಡಿನ ಪೆಟ್ಟಿಗೆ, ಬೆನ್ನಿಗೆ ಇನ್ನೊಂದು, ಅದರ ಮೇಲೆ ಟೆಂಟು. ಇಷ್ಟೆಲ್ಲ ಹೊತ್ತ ಗಾಡಿಗೆ ಹಿಂದೆ ಒಬ್ಬಳು ಹೆಂಗಸು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಓಡಿಸುವವನ ಕಿವಿ ಹೆಲ್ಮೆಟ್ಟಿನಲ್ಲಿ ಮುಚ್ಚಿಹೋಗಿರುತ್ತದೆ. ಹಿಂದಿನವರು ಹತ್ತುವಾಗ ಗಾಡಿ ಒಮ್ಮೆ ಕುಗ್ಗುತ್ತದಲ್ಲ, ಅದೊಂದನ್ನೇ ಅವನು ನೆಚ್ಚಿಕೊಂಡಿರುತ್ತಾನೆ. ಆ ದಿನ ಬಂಕಕ್ಕ ಫುಟ್‌ರೆಸ್ಟಿನ ಮೇಲೆ ಕಾಲಿಟ್ಟಳು, ಗಾಡಿ ಕುಗ್ಗಿತು, ಅಷ್ಟರಲ್ಲಿ ಗ್ಲೌಸನ್ನು ನಲ್ಲಿಯ ಹತ್ತಿರ ಬಿಟ್ಟದ್ದು ನೆನಪಾಗಿ ಕೆಳಗಿಳಿದಳು. ಗಂಡ ಹೊರಟೇಹೋದ.

ಒಟ್ಟಾಗಿ ದೂರದೂರ ಬೈಕಿನಲ್ಲಿ ಸುತ್ತುವ ಅವರ ತಂಡದಲ್ಲಿ ಅವನ ಗಾಡಿ ಯಾವಾಗಲೂ ಕಟ್ಟಕಡೆಯದು. ಅವನು ಲಿಫ್ಟ್ ಮೆಕ್ಯಾನಿಕ್. ಸ್ಪ್ಯಾನರು, ಪಂಕ್ಚರ್ ಸಾಮಾನು ಎಲ್ಲ ಅವನ ಪೆಟ್ಟಿಗೆಯಲ್ಲಿ. ಮುಂದೆ ಯಾರ ಗಾಡಿ ಕೆಟ್ಟು ನಿಂತರೂ ಹಿಂದಿನಿಂದ ಬಂದು ಸರಿಮಾಡುವವನು ಅವನು. ಹೀಗಾಗಿ "ಏನಯ್ಯಾ, ನಿನ್ನ ಹೆಂಡತಿ ಎಲ್ಲಿ?" ಎಂದು ಹಿಂದಿನಿಂದ ಕೂಗಿ ಹೇಳುವವರೇ ಇರಲಿಲ್ಲ. ಮುಂದಿನ ಚಹಾದಂಗಡಿಯಲ್ಲಿ ನಿಲ್ಲಿಸಿ "ಇಳಿ, ಟೀ ಕುಡಿಯೋಣ" ಎಂದು ತಿರುಗಿದರೆ ಸೀಟು ಖಾಲಿ. ಬಂದ ದಾರಿಯಲ್ಲೇ ಉಸಿರು ಬಿಗಿಹಿಡಿದು ಓಡಿಸಿಕೊಂಡು ಬಂದ. ಬಂಕಕ್ಕ ಗಾಳಿ ಹಾಕುವ ಮೆಷಿನ್ನಿನ ಕಟ್ಟೆಯ ಮೇಲೆ, ಗ್ಲೌಸು ಹಾಕಿದ ಕೈಗಳನ್ನು ಕಟ್ಟಿಕೊಂಡು ಕೂತಿದ್ದಳು.

"ಎಲ್ಲಿಗೆ ಹೋಗಿದ್ರಿ ಸಾಹೇಬ್ರು?"

"ದಾರೀಲಿ ನಾಲ್ಕು ಮಾತಾಡ್ದೆ. ನೀನು ಉತ್ತರಾನೇ ಕೊಡ್ಲಿಲ್ಲ. ಕೋಪ ಬಂದಿದೆ ಅಂದ್ಕೊಂಡೆ."

"ಈಗ ಬಂದಿದೆ."

ಅಂದಿನಿಂದ ತಂಡಕ್ಕೆಲ್ಲ ಅವಳು ಬಂಕಕ್ಕ. ಗಂಡಹೆಂಡಿರ ನಡುವೆ ಒಂದು ಕಟ್ಟಳೆಯೂ ಬಂತು. ಹತ್ತಿ ಸರಿಯಾಗಿ ಕೂತು, ಜಾಕೆಟ್ಟು ಎಳೆದುಕೊಂಡು, ಅವಳು ಅವನ ಎಡಭುಜಕ್ಕೆ ಎರಡು ಸಲ ತಟ್ಟಬೇಕು. ತಟ್ಟುವ ತನಕ ಗಾಡಿ ಹೊರಡಕೂಡದು. ಜಗಳವಾಡಿದ ದಿನ ಬಂಕಕ್ಕ ಬೇಕೆಂದೇ ಒಂದು ಸಲ ತಟ್ಟಿ ಸುಮ್ಮನಾಗುವಳು. ಇಂಜಿನ್ ಗುರುಗುಡುತ್ತಿದೆ, ಮುಂದಿನವರು ಹಾರ್ನ್ ಹೊಡೆಯುತ್ತಿದ್ದಾರೆ, ಇವನು ಮಿಸುಕುವಂತಿಲ್ಲ. ಕೊನೆಗೆ ಹೆಲ್ಮೆಟ್ಟಿನೊಳಗಿಂದ "ತಪ್ಪಾಯ್ತು" ಎಂಬ ದನಿ ಬಂದರೆ ಎರಡನೆಯದು ಬೀಳುತ್ತಿತ್ತು. ತಪ್ಪು ಯಾರದಾದರೂ ಆಗಿರಲಿ, ಅದು ಬೇರೆ ಮಾತು.

ಆ ಗಂಡ ತೀರಿಕೊಂಡು ಎರಡು ವರ್ಷವಾಗುತ್ತ ಬಂದಿತ್ತು. ನೆಂಟರಿಷ್ಟರೆಲ್ಲ ರಸ್ತೆಯ ಹೆಸರು ಹೇಳಿ ಹೆದರಿಸಿದ್ದೇ ಹೆದರಿಸಿದ್ದು. ಅವನು ಹೋದದ್ದು ಮನೆಯ ಸೋಫಾದ ಮೇಲೆ, ಬೆಳಗಿನ ಪೇಪರು ಓದುತ್ತ. ಸೋಫಾ ಅಪಾಯಕಾರಿ ಎಂದು ಒಬ್ಬರೂ ಹೇಳಿರಲಿಲ್ಲ.

ಬಂಕಕ್ಕನದು ಕುಶನ್ ಹೊಲಿಯುವ ಕಸುಬು. ಮನೆಯ ಮುಂದಿನ ಕೋಣೆಯೇ ಅಂಗಡಿ. ಸೂರಿನ ತನಕ ಜೋಡಿಸಿದ ಫೋಮಿನ ಹಾಳೆ, ಗೋಡೆಯ ಮೊಳೆಗಳಿಗೆ ದಾರದ ರೀಲು, ಕಿಟಕಿಯ ಬೆಳಕಿಗೆ ಮೆಷಿನ್ನು, ಮೂಗಿಗೆ ಯಾವಾಗಲೂ ಅಂಟಿನ ವಾಸನೆ. ಸೋಫಾ, ಬಸ್ಸಿನ ಸೀಟು, ಆಸ್ಪತ್ರೆಯ ಹಾಸಿಗೆ ಎಲ್ಲವನ್ನೂ ಹೊಲಿದಿದ್ದಾಳೆ. ಗಂಡನ ಬೈಕಿನ ಸೀಟೂ ಅವಳ ಕೈಯದೇ. ವರ್ಷಗಟ್ಟಲೆ ಕೂತು ಹಿಂದಿನ ಅರ್ಧ ಎಡಕ್ಕೆ ಕೊಂಚ ತಗ್ಗಿತ್ತು. ಗಂಡನ ಅಗಲ ಬೆನ್ನು ದಾರಿಯನ್ನೆಲ್ಲ ಮುಚ್ಚುತ್ತಿದ್ದರಿಂದ ಅವಳು ಎಡಕ್ಕೆ ವಾಲಿ ಅವನ ಭುಜದಾಚೆ ಇಣುಕುತ್ತಿದ್ದಳು.

ಬೈಕನ್ನು ಅವಳು ತಂಡದ ಹೊಸಬನೊಬ್ಬನಿಗೆ ಕೊಟ್ಟುಬಿಟ್ಟಿದ್ದಳು. ಅವನದು ಔಷಧದ ಅಂಗಡಿ, ಒಂಟಿ ಮನುಷ್ಯ, ಮಾತು ಕಡಿಮೆ. ನಿಂತಲ್ಲೇ ನಿಂತ ಗಾಡಿಯ ಟೈರು ಬಿರಿಯುವುದನ್ನು ಗಂಡ ಸಹಿಸುತ್ತಿರಲಿಲ್ಲ, ಅದಕ್ಕೆ ಕೊಟ್ಟಳು. ಕೊಟ್ಟ ಮೇಲೆ ಗೊತ್ತಾಯಿತು, ಕೊಡಬಾರದಿತ್ತು ಎಂದು. ತಂಡದವರು ಬೆಳಗಾಗುತ್ತಲೇ ಬೀದಿಯ ತುದಿಯಲ್ಲಿ ಸೇರಿ ಹೊರಡುವಾಗ ಅವಳು ಹಲ್ಲುಜ್ಜುವುದನ್ನು ನಿಲ್ಲಿಸಿ ಕಿಟಕಿಗೆ ಬರುತ್ತಿದ್ದಳು. ಅಷ್ಟೂ ಗಾಡಿಗಳ ಸದ್ದಿನಲ್ಲಿ ತಮ್ಮದರ ಸದ್ದನ್ನು ಬೇರೆ ಮಾಡಿ ಕೇಳಬಲ್ಲಳು. ಗೇರು ಬದಲಿಸುವಾಗ ಅದಕ್ಕೊಂದು ಕೆಮ್ಮು. ಆ ಕೆಮ್ಮು ತಿರುವಿನಲ್ಲಿ ಮಾಯವಾದ ಮೇಲೂ ಅವಳು ಬಾಯಲ್ಲಿ ಬ್ರಷ್ಷಿಟ್ಟುಕೊಂಡು ನಿಂತೇ ಇರುತ್ತಿದ್ದಳು.

ತಂಡದವರು ಅವಳನ್ನು ಕೈಬಿಟ್ಟಿರಲಿಲ್ಲ. ತಂಡದ ಹಿರಿಯರು ಡ್ರೈವಿಂಗ್ ಶಾಲೆಯ ಮೇಷ್ಟ್ರು. ಅವರ ಹೆಂಡತಿ ನರ್ಸು. ಗಂಡ ಹೋದ ಹೊಸದರಲ್ಲಿ ನರ್ಸು ದಿನಾ ಬಂದು ಬಂಕಕ್ಕನ ಬಾಯಿಗೆ ತುತ್ತಿಟ್ಟು ಹೋಗುತ್ತಿದ್ದಳು. ಕಿತ್ತ ಜಿಪ್ಪು, ಹರಿದ ಜಾಕೆಟ್ಟು ಎಲ್ಲ ಬಂಕಕ್ಕನ ಅಂಗಡಿಗೇ ಬರುತ್ತಿತ್ತು. ಆದರೆ "ಬಾ, ಹೋಗೋಣ" ಎಂದು ಮಾತ್ರ ಒಬ್ಬರೂ ಕರೆಯಲಿಲ್ಲ. ಓಡಿಸುವವನು ಹೋದ ಮೇಲೆ ಹಿಂದೆ ಕೂರುವವಳ ಸವಾರಿಯೂ ಮುಗಿಯಿತು ಎಂದು ಎಲ್ಲರೂ ತಮ್ಮಷ್ಟಕ್ಕೆ ತಾವೇ ತೀರ್ಮಾನಿಸಿದ್ದರು. ಅವಳೆದುರು ದಾರಿಯ ಸುದ್ದಿಯನ್ನೇ ಎತ್ತುತ್ತಿರಲಿಲ್ಲ. ಒಳ್ಳೆಯ ಮನಸ್ಸಿನಿಂದಲೇ. ಒಳ್ಳೆಯ ಮನಸ್ಸಿನವರ ಮೇಲೆ ಜಗಳ ಕಾಯಲು ಬರುವುದಿಲ್ಲ, ಅದೇ ತೊಂದರೆ.

ಹೀಗಿರುವಾಗ ಔಷಧದಂಗಡಿಯವನು ಬೈಕಿನ ಸೀಟು ಕಳಚಿ ಕಂಕುಳಲ್ಲಿಟ್ಟುಕೊಂಡು ಬಂದ.

"ಅಕ್ಕಾ, ಇದರ ಹಿಂದಿನ ಭಾಗ ಕತ್ತರಿಸಿ ಮಟ್ಟ ಮಾಡ್ಕೊಡ್ತೀರಾ? ತಂಡದ ಔಷಧಿ ಪೆಟ್ಟಿಗೆ ಕಟ್ಬೇಕು. ಹೇಗೂ ಅಲ್ಲಿ ಯಾರೂ ಕೂರಲ್ಲ."

"ನಾಳೆ ಬಾ" ಎಂದಳು ಬಂಕಕ್ಕ.

ಹೊಲಿಯುವವರ ನಾಳೆ ಎಂಥದೆಂದು ಎಲ್ಲರಿಗೂ ಗೊತ್ತು. ಆದರೆ ಬಂಕಕ್ಕ ಹೇಳಿದ ದಿನ ಕೊಡುವವಳು. ಅವನು ಬಂದ, ಹೋದ, ಮತ್ತೆ ಬಂದ. ಫೋಮು ಕತ್ತರಿಸುವ ಉದ್ದ ಚಾಕುವನ್ನು ಅವಳು ಆ ಎಡದ ತಗ್ಗಿನ ಮೇಲೆ ಇಡುವಳು, ತೆಗೆಯುವಳು, ಬೇರೆಯವರ ದಿಂಬು ಹೊಲಿಯುವಳು.

ಅದೇ ವಾರ ನರ್ಸು ಜಿಪ್ಪು ಹಾಕಿಸಲು ಬಂದಳು. ಮೇಜಿನ ಮೇಲಿದ್ದ ಸೀಟು ನೋಡಿದಳು.

"ಇದಿನ್ನೂ ಇಲ್ಲೇ ಇದೆಯಾ? ಪಾಪ, ಅವನನ್ನ ಎಷ್ಟು ಸಲ ಅಲೆಸ್ತೀಯ?"

"ದಾರ ಇಲ್ಲ."

ನರ್ಸು ಗೋಡೆಯ ತುಂಬ ತೂಗುತ್ತಿದ್ದ ರೀಲುಗಳ ಕಡೆ ನೋಡಿದಳು. ಬಂಕಕ್ಕನೂ ನೋಡಿದಳು.

"ಕಪ್ಪು ದಾರ ಇಲ್ಲ" ಎಂದಳು ಬಂಕಕ್ಕ. ಅವಳ ಮೂಗಿನ ನೇರಕ್ಕೇ ಕಪ್ಪು ದಾರವಿತ್ತು.

"ನಿನಗೆ ನಮ್ಮ ಜೊತೆ ಬರ್ಬೇಕು ಅನ್ಸುತ್ತಾ?" ಎಂದು ನರ್ಸು ಮೆಲ್ಲಗೆ ಕೇಳಿದಳು.

ಅಷ್ಟೇ ಸಾಕಾಯಿತು. "ಅನ್ಸುತ್ತೆ! ಎರಡು ವರ್ಷದಿಂದ ಅನ್ಸುತ್ತೆ. ಕೇಳೋಕೆ ನಿಮಗೆ ಇಷ್ಟು ದಿನ ಬೇಕಾಯ್ತಾ? ನಾನೇನು ಅವರ ಪೆಟ್ಟಿಗೇಲಿದ್ದ ಸ್ಪ್ಯಾನರಾ, ಅವರ ಜೊತೇಲೇ ಮುಗಿದುಹೋಗೋಕೆ?"

"ಕರೆದ್ರೆ ಎಲ್ಲಿ ಅತ್ತುಬಿಡ್ತೀಯೋ ಅಂತ…"

"ಅಳ್ತೀನಿ. ಹೆಲ್ಮೆಟ್ ಒಳಗೆ ಅತ್ರೆ ಯಾರಿಗೆ ಕಾಣುತ್ತೆ?"

ಇಬ್ಬರೂ ಅತ್ತರು, ಅಲ್ಲಿ ಹೆಲ್ಮೆಟ್ ಇರಲಿಲ್ಲ. ಮೂಗೊರೆಸಿಕೊಂಡು ನರ್ಸು ಲೆಕ್ಕ ಹಾಕಿದಳು. ಎಲ್ಲರ ಹಿಂದೆಯೂ ಹೆಂಡತಿಯೋ ಗಂಡನೋ ಇದ್ದಾರೆ. ಖಾಲಿ ಇರುವುದು ಒಂದೇ ಸೀಟು, ಅದು ಈಗ ಮೇಜಿನ ಮೇಲಿದೆ. ಬಂಕಕ್ಕನ ಕೈ ಸೀಟಿನ ಎಡದ ತಗ್ಗಿನ ಮೇಲೆ ಹೋಯಿತು. ಆ ಸೀಟಿನಲ್ಲಿ ಕೂತು ಬೇರೊಬ್ಬನ ಬೆನ್ನು ನೋಡುವುದು ತನ್ನಿಂದ ಆದೀತೇ? ಆಗದೆ ಅರ್ಧ ದಾರಿಯಿಂದ ವಾಪಸು ಬಂದರೆ, ಇನ್ನೊಮ್ಮೆ ಕೇಳುವ ಮುಖವೂ ಉಳಿಯುವುದಿಲ್ಲ. ಹೋಗದಿದ್ದರೆ ಉಳಿಯುವುದು ಕಿಟಕಿ ಮತ್ತು ಬ್ರಷ್ಷು. ಅವಳು ಚಾಕುವನ್ನು ಮೊಳೆಗೆ ತೂಗುಹಾಕಿದಳು.

ಹೊರಡುವ ದಿನ ಔಷಧದಂಗಡಿಯವನು ಅವಳಿಗಿಂತ ಹೆಚ್ಚು ಹೆದರಿದ್ದ. "ಅಕ್ಕಾ, ನಾನು ಯಾರನ್ನೂ ಹಿಂದೆ ಕೂರಿಸ್ಕೊಂಡು ದೂರ ಹೋಗಿಲ್ಲ. ನಿಮ್ಮ ಗುರುತುಗಳೇನಾದ್ರೂ ಇದ್ರೆ ಹೇಳ್ಕೊಡಿ."

"ಬಲಗಡೆ ತೋಳು ಎಳೆದ್ರೆ ನಿಧಾನ. ಎರಡೂ ತೋಳು ಎಳೆದ್ರೆ ನಿಲ್ಸು."

"ಹೊರಡೋದಕ್ಕೆ?"

ಬಂಕಕ್ಕ ಅದನ್ನು ನುಂಗಿಕೊಂಡಳು. ಬೈಕು ಕೊಟ್ಟಾಗಿತ್ತು, ಸೀಟು ಕೊಟ್ಟಾಗಿತ್ತು, ಅದೊಂದನ್ನು ಕೊಡಲು ಮನಸ್ಸು ಬರಲಿಲ್ಲ. "ಕೂತ್ರೆ ಗಾಡಿ ಕುಗ್ಗುತ್ತೆ, ಗೊತ್ತಾಗುತ್ತೆ" ಎಂದಳು.

ಆ ಗಾಡಿ ಈಗಲೂ ಕಟ್ಟಕಡೆಯದೇ. ಆಗ ಸ್ಪ್ಯಾನರಿದ್ದ ಪೆಟ್ಟಿಗೆಯಲ್ಲಿ ಈಗ ಬ್ಯಾಂಡೇಜು, ಮುಲಾಮು. ಸೀಟು ಬಂಕಕ್ಕನ ಗುರುತು ಹಿಡಿಯಿತು, ಉಳಿದ ಯಾವುದೂ ಹಿಡಿಯಲಿಲ್ಲ. ಮುಂದಿನ ಬೆನ್ನು ಕಿರಿದು. ಎಡಕ್ಕೆ ವಾಲುವ ಅಗತ್ಯವೇ ಇಲ್ಲದೆ ದಾರಿಯೆಲ್ಲ ಕಾಣುತ್ತಿತ್ತು, ತಡೆಯುವ ಭುಜವಿಲ್ಲದೆ ಗಾಳಿ ನೇರವಾಗಿ ಎದೆಗೆ ಹೊಡೆಯುತ್ತಿತ್ತು. ಗಂಡನ ಕಾಲದಲ್ಲಿ ಬ್ರೇಕು ಹಾಕಿದಾಗಲೆಲ್ಲ ಎರಡು ಹೆಲ್ಮೆಟ್ಟು ಠಕ್ಕೆಂದು ತಾಗುತ್ತಿದ್ದವು. ಗಂಡ "ಬಾಗಿಲು ತೆಗೆದೇ ಇದೆ, ಬನ್ನಿ" ಎನ್ನುತ್ತಿದ್ದ. ಇವತ್ತು ಅವಳು ಹಿಂದಿನ ಪೆಟ್ಟಿಗೆಗೆ ಬೆನ್ನಾನಿಸಿ ಬಿಗಿಯಾಗಿ ಕೂತಿದ್ದಳು.

ಚಹಾಕ್ಕೆ ನಿಂತಾಗ ಹಿಂದೆ ಕೂರುವವರೆಲ್ಲ ಒಂದೇ ಬೆಂಚಿಗೆ ಬಂದರು. ಅದು ಹಳೆಯ ರೂಢಿ. ಸೊಂಟ ಒತ್ತಿಕೊಳ್ಳುತ್ತ ಮುಂದೆ ಕೂತವರನ್ನು ಆಡಿಕೊಳ್ಳುವ ಹೊತ್ತು ಅದು. ಒಬ್ಬಳ ಗಂಡ ದಾರಿ ತಪ್ಪಿದರೂ ಕೇಳುವವನಲ್ಲ. ಇನ್ನೊಬ್ಬಳ ಗಂಡ ಹೆಲ್ಮೆಟ್ಟಿನೊಳಗೆ ಹಾಡುತ್ತಾನೆ, ಅದೂ ಅಪಸ್ವರದಲ್ಲಿ. ಬಂಕಕ್ಕ ನಕ್ಕಳು. ಆಡಿಕೊಳ್ಳಲು ತನಗೊಬ್ಬನಿಲ್ಲ. ಎರಡು ವರ್ಷದಲ್ಲಿ ಅವನಿಲ್ಲದ್ದು ಇಷ್ಟು ಕೆಟ್ಟದಾಗಿ ಎಂದೂ ಚುಚ್ಚಿರಲಿಲ್ಲ. ಬರಬಾರದಿತ್ತು ಎನಿಸಿತು. ಮುಂದಿನ ಊರಿನಲ್ಲಿ ಬಸ್ಸು ಹಿಡಿದು ಮನೆಗೆ ಹೋಗುವುದೆಂದು ನಿಶ್ಚಯಿಸಿಕೊಂಡಳು.

ಮುಂದಿನ ಊರಿಗೆ ಮೊದಲು ಪೆಟ್ರೋಲ್ ಬಂಕು ಬಂತು. ಎಲ್ಲರೂ ಪೆಟ್ರೋಲ್ ತುಂಬಿಸಿದರು. ಮುಂದಿನವರು ಒಬ್ಬೊಬ್ಬರಾಗಿ ರಸ್ತೆಗಿಳಿದರು. ಬಂಕಕ್ಕ ಫುಟ್‌ರೆಸ್ಟಿನ ಮೇಲೆ ನಿಂತು, ಹಿಂದಿನ ಪೆಟ್ಟಿಗೆಯ ಮೇಲೆ ತನ್ನ ಚೀಲ ಬಿಗಿದಳು. ಕೈಗೆಲ್ಲ ಧೂಳಾಯಿತೆಂದು, ಹೆಲ್ಮೆಟ್ಟು ಹಾಕಿಕೊಂಡೇ ತೊಳೆಯಲು ಇಳಿದಳು. ಇಳಿದವಳು ತಿರುಗಿ ನೋಡುವಷ್ಟರಲ್ಲಿ ಗಾಡಿ ರಸ್ತೆಯಲ್ಲಿತ್ತು.

"ಏಯ್!" ಎಂದು ಕೂಗಿದಳು. ಹೆಲ್ಮೆಟ್ಟಿಗೆ ಕೇಳುವುದುಂಟೇ? ಮೊಬೈಲು ಚೀಲದಲ್ಲಿ, ಚೀಲ ಬೈಕಿನ ಮೇಲೆ.

ಮೊದಲು ಅವಳಿಗೆ ನಗು ಬಂತು. ಇದೆಂಥ ಹಣೆಬರಹ, ಯಾರು ಓಡಿಸಿದರೂ ತನ್ನನ್ನು ಬಂಕಿನಲ್ಲೇ ಬಿಡುತ್ತಾರಲ್ಲ. ಆಮೇಲೆ ಗಾಳಿ ಹಾಕುವ ಮೆಷಿನ್ನಿನ ಕಟ್ಟೆ ಕಂಡಿತು. ಹೋಗಿ ಕೂತಳು. ಗ್ಲೌಸು ಹಾಕಿಕೊಂಡಳು, ಕೈಕಟ್ಟಿದಳು. ಗಾಬರಿಯೇ ಇರಲಿಲ್ಲ. ಬರುತ್ತಾರೆ ಎಂದು ಗೊತ್ತಿತ್ತು. ಆ ರಸ್ತೆಯ ಮೇಲೆ ಯಾರೋ ಒಬ್ಬರು ಈಗ ಹಿಂದಿರುಗಿ ನೋಡುತ್ತಾರೆ, ಎದೆ ಹೊಡೆದುಕೊಂಡು ತನಗಾಗಿಯೇ ವಾಪಸು ಬರುತ್ತಾರೆ. ಎರಡು ವರ್ಷದಿಂದ ಅವಳಿಗಾಗಿ ಯಾರೂ ಹಾಗೆ ಬಂದಿರಲಿಲ್ಲ. ಸ್ವಲ್ಪ ತಡವಾಗಿಯೇ ಬರಲಿ ಎಂದು ಬೇಡಿಕೊಂಡಳು. ಬರುವ ತನಕ ಬರುವವನು ಯಾರಾದರೂ ಆಗಿರಬಹುದು.

ಕೆಮ್ಮು ಕೇಳಿಸಿತು. ತಿರುವಿನಿಂದ ಅದೇ ಗಾಡಿ, ನೆಗ್ಗಿದ ಅದೇ ಪೆಟ್ಟಿಗೆ. ಧೂಳು ಹಿಡಿದ ಜಾಕೆಟ್ಟು, ಮುಖ ಮುಚ್ಚಿದ ಹೆಲ್ಮೆಟ್ಟು, ಮುಂದಕ್ಕೆ ಬಾಗಿ ಅವಸರದಲ್ಲಿ ಓಡಿಸುವ ರೀತಿ. ತಿರುವಿನಿಂದ ಬಂಕಿನ ತನಕ, ಅಷ್ಟೂ ದೂರ, ಅದು ಅವನೇ. ಬಂಕಕ್ಕ ಎದ್ದು ನಿಂತಳು.

ಗಾಡಿ ಎದುರಿಗೆ ಬಂದು ನಿಂತಿತು. ಓಡಿಸಿಕೊಂಡು ಬಂದವನ ಕೈ ಗದ್ದದ ಕೆಳಗಿನ ಪಟ್ಟಿಯನ್ನು ಹುಡುಕಿತು.

"ಹೆಲ್ಮೆಟ್ ತೆಗೀಬೇಡ" ಎಂದಳು ಬಂಕಕ್ಕ.

"ಅಕ್ಕಾ, ನಾನು…"

"ತೆಗೀಬೇಡ ಅಂದ್ನಲ್ಲ."

ಅವನು ಕೈ ಇಳಿಸಿದ. ಅವಳು ಹತ್ತಿದಳು. ಗಾಡಿ ಕುಗ್ಗಿತು, ಆದರೆ ಅವನು ಹೊರಡಲಿಲ್ಲ. ಇನ್ನು ಈ ಜನ್ಮದಲ್ಲಿ ಕುಗ್ಗುವುದನ್ನು ಅವನು ನಂಬುವವನಲ್ಲ.

"ಎಡಗಡೆ ಭುಜಕ್ಕೆ ಎರಡು ಸಲ ತಟ್ತೀನಿ" ಎಂದು ಬಂಕಕ್ಕ ಅವನ ಕಿವಿಯ ಬಳಿ ಕೂಗಿದಳು. "ತಟ್ಟೋ ತನಕ ಹೊರಡ್ಬೇಡ."

ಹೆಲ್ಮೆಟ್ಟು ಮೇಲೆ ಕೆಳಗೆ ಆಡಿತು. ಅವಳು ಜಾಕೆಟ್ಟು ಎಳೆದುಕೊಂಡಳು, ಎಡದ ತಗ್ಗಿಗೆ ಸರಿದಳು. ಒಂದು ಸಲ ತಟ್ಟಿದಳು. ಎರಡನೆಯದಕ್ಕೆ ಎತ್ತಿದ ಕೈ ಮೇಲೆಯೇ ನಿಂತಿತು. ಇಂಜಿನ್ ಗುರುಗುಡುತ್ತಿತ್ತು. ಗಾಡಿ ಕಾಯುತ್ತಿತ್ತು. ಅವಳು ಕಾಯಿಸಿದಳು. ಹೆಲ್ಮೆಟ್ಟಿನೊಳಗೆ ಅವಳ ಮುಖವೆಲ್ಲ ಒದ್ದೆಯಾಗಿತ್ತು, ಅದು ಯಾರಿಗೂ ಕಾಣುತ್ತಿರಲಿಲ್ಲ.

ಅಕ್ಕನಿಗೆ ಇನ್ನೂ ಕೋಪ ಇಳಿದಿಲ್ಲವೆಂದು ಮುಂದಿನವನು ಅಂದುಕೊಂಡನೋ ಏನೋ. ಹೆಲ್ಮೆಟ್ಟಿನೊಳಗಿಂದ ಗುಂಯ್ಗುಡುವ ದನಿಯೊಂದು ಬಂತು, "ತಪ್ಪಾಯ್ತು."

ಹೆಲ್ಮೆಟ್ಟಿನೊಳಗೆ ಎಲ್ಲ ಗಂಡಸರ ದನಿಯೂ ಒಂದೇ. ಬಂಕಕ್ಕ ಎರಡನೆಯ ಸಲ ತಟ್ಟಿದಳು.