ಎರಡನೇ ಸಲ ಕೇಳುವ ವೆರ್ನಾ

ಕೆನಡಾದ ಪ್ರಿನ್ಸ್ ಜಾರ್ಜ್ ಊರಿನಲ್ಲಿ ಇನ್ನೂ ಬೆಳಕು ಹರಿದಿಲ್ಲ. ಆರು ಗಂಟೆ ಹತ್ತು ನಿಮಿಷ. ವೆರ್ನಾ ಕೊವಾಲ್ಚುಕ್ ಕಚೇರಿಯ ಹೀಟರ್ ಹಚ್ಚಿ, ಫೋನ್ ಎತ್ತಿಕೊಂಡು, ನನ್ನನ್ನು ಬಾಗಿಲಾಚೆ ಅಟ್ಟುತ್ತಾರೆ. "ಕಾಫಿ ತಗೊಂಡು ಅಲ್ಲೇ ಕೂತ್ಕೋ, ಪೇಪರಿನವ್ನೇ. ಕಿವಿ ಈ ಕಡೆ ಬಂದ್ರೆ ಕಿತ್ತು ಕೈಗೆ ಕೊಡ್ತೀನಿ." ಮರದ ಮಿಲ್ಲಿನ ಪಾಳಿ ಆರಕ್ಕೆ ಶುರು. ಗಂಡ ಮಿಲ್ಲಿನೊಳಗೆ ಹೋದ ಮೇಲೆಯೇ ಕೆಲವು ಹೆಂಗಸರು ಬಾಯಿ ಬಿಡುವುದು. ಅದಕ್ಕೇ ಈ ಹೊತ್ತು.

ಬೇರೆಯಾದ ಗಂಡ ಹೆಂಡತಿ ಮಕ್ಕಳ ವಿಷಯಕ್ಕೆ ಕಿತ್ತಾಡುವಾಗ, ಕೋರ್ಟಿನ ಹೊರಗೇ ತೀರ್ಮಾನ ಮಾಡಿಸುವ ಸಮನ್ವಯಕಾರರು, ಮಧ್ಯಸ್ಥರು ಇಲ್ಲಿದ್ದಾರೆ. ಅವರ ಮೇಜಿನ ಮುಂದೆ ಇಬ್ಬರನ್ನೂ ಕೂರಿಸುವ ಮೊದಲು ಒಬ್ಬೊಬ್ಬರನ್ನೇ ಬೇರೆಯಾಗಿ ಮಾತಾಡಿಸಿ, ಆ ಮನೆಯಲ್ಲಿ ಯಾರಿಗಾದರೂ ಯಾರದಾದರೂ ಭಯವಿದೆಯೇ ಎಂದು ಪತ್ತೆ ಹಚ್ಚುವುದು ವೆರ್ನಾ ಕೆಲಸ. ವಾರಕ್ಕೆ ಒಂಬತ್ತು ಕುಟುಂಬ, ಹದಿನೆಂಟು ಫೋನು, ಒಂದೊಂದರಲ್ಲೂ ಅರವತ್ತನಾಲ್ಕು ಪ್ರಶ್ನೆ. ತೀರ್ಮಾನದ ಕಾಗದದಲ್ಲಿ ಮಾತ್ರ ಎಲ್ಲೂ ಅವರ ಹೆಸರಿರುವುದಿಲ್ಲ.

ಅರವತ್ತೊಂದರ ವೆರ್ನಾ ಮೊದಲು ಹಲ್ಲಿನ ಆಸ್ಪತ್ರೆಯ ಕೌಂಟರಿನಲ್ಲಿದ್ದವರು. "ಹಲ್ಲು ಹೇಗೆ ಮುರೀತು ಅಂತ ಹೆಂಡ್ತೀನ ಕೇಳಿದ್ರೆ ಗಂಡ ಉತ್ತರ ಹೇಳ್ತಿದ್ದ. ಮೆಟ್ಟಿಲ ಮೇಲೆ ಬಿದ್ಲು ಅಂತ. ಹದಿನಾರು ವರ್ಷ ಹಾಗೇ ಬರ್ಕೊಂಡೆ. ಈ ಊರಲ್ಲಿ ಇಷ್ಟೊಂದು ಮೆಟ್ಟಿಲು ಎಲ್ಲಿವೆ ಅಂತ ಒಂದಿನ ತಲೆಗೆ ಹೋಯ್ತು." ನಲವತ್ತೇಳನೇ ವಯಸ್ಸಿನಲ್ಲಿ ಕೆಲಸ ಬಿಟ್ಟು ತರಬೇತಿಗೆ ಸೇರಿದರು.

ಅಂಥವರೂ ಒಮ್ಮೆ ಎಡವಿದರು. ಆ ಹೆಂಗಸಿನ ಒಪ್ಪಿಗೆ ಪಡೆದೇ ನನಗೆ ಹೇಳುತ್ತಾರೆ. ಆಕೆಯನ್ನು ಜೋನಿ ಎನ್ನೋಣ. ಹೊಡೆಯುತ್ತಾನಾ? ಇಲ್ಲ. ಬೆದರಿಸುತ್ತಾನಾ? ಇಲ್ಲ. ಬೇರೆಯಾದ ಮೇಲೂ ನನ್ನ ಕಾರು ಅವನೇ ನೋಡಿಕೊಳ್ಳುತ್ತಾನೆ ಎಂದಿದ್ದಳು ಜೋನಿ. ವೆರ್ನಾ 'ಸಹಕಾರ ಚೆನ್ನಾಗಿದೆ, ಭಯವಿಲ್ಲ' ಎಂದು ಬರೆದರು. ಒಂದು ವರ್ಷ ಇಬ್ಬರೂ ಒಂದೇ ಮೇಜಿಗೆ ಕೂತರು. ಪ್ರತಿ ಸಲವೂ ಸೋತು ಎದ್ದವಳು ಜೋನಿ.

ಅಕ್ಟೋಬರಿನಲ್ಲಿ ಕೊನೆಯ ಕಾಗದ ಸಿದ್ಧವಾಯಿತು. ಏಳು ವರ್ಷದ ಮಗಳು ಶಾಲೆಯ ದಿನಗಳಷ್ಟೂ ಅಪ್ಪನ ಮನೆಯಲ್ಲಿ ಎಂದಿತ್ತು ಅದರಲ್ಲಿ. ಸಹಿಗೆ ಮೊದಲು ಇನ್ನೊಮ್ಮೆ ಕೇಳೋಣವೆಂದು ವೆರ್ನಾ ಜೋನಿಯನ್ನು ಪಕ್ಕದ ಕೋಣೆಗೆ ಕರೆದರು.

"ಇವತ್ತು ಹೇಗೆ ಬಂದ್ರಿ?"

"ಅವ್ನೇ ಕರ್ಕೊಂಡ್ ಬಂದ."

"ನಿಮ್ಮ ಕಾರು?"

"ಚಳಿಗಾಲದ ಟೈರು ಅವ್ನ ಗ್ಯಾರೇಜಲ್ಲಿವೆ. ಹಾಕ್ಕೊಡ್ತಾನೆ."

"ಯಾವಾಗ?"

"ಸಹಿ ಹಾಕಿದ್ಮೇಲೆ. ಪ್ರತಿ ವರ್ಷ ಹಾಗೇ, ಏನಾದ್ರೂ ಒಂದಕ್ಕೆ ಒಪ್ಕೊಂಡ್ಮೇಲೆ."

ಹಿಮದಲ್ಲಿ ಜಾರದ ಆ ಟೈರಿಲ್ಲದೆ ಅಕ್ಟೋಬರಿನಿಂದ ಇಲ್ಲಿನ ಹೆದ್ದಾರಿಗೆ ಇಳಿಯುವಂತಿಲ್ಲ, ಕಾನೂನೇ ಇದೆ. ಜೋನಿಯ ಮನೆ ಊರಿನಿಂದ ಮೂವತ್ತು ಕಿಲೋಮೀಟರ್ ಆಚೆ. ಒಂದೇಟೂ ಹೊಡೆಯದೆ, ನಾಲ್ಕು ಟೈರು ಇಟ್ಟುಕೊಂಡು ಒಬ್ಬಳನ್ನು ಚಳಿಗಾಲವಿಡೀ ಕೂಡಿಹಾಕಬಹುದೆಂದು ನನಗೆ ಕನಸಿನಲ್ಲೂ ಹೊಳೆದಿರಲಿಲ್ಲ. "ನಾನೂ ಇಲ್ಲೇ ಹುಟ್ಟಿದವ್ಳು, ಪ್ರತಿ ವರ್ಷ ಟೈರು ಬದಲಾಯಿಸೋಳು. ಆದ್ರೂ ಅದನ್ನ ಒಳ್ಳೇತನ ಅಂತ ಬರ್ಕೊಂಡಿದ್ದೆ. ನನ್ನ ಕೈಬರಹವೇ ಮುಖಕ್ಕೆ ಉಗಿದ ಹಾಗಾಯ್ತು" ಎನ್ನುತ್ತಾರೆ ವೆರ್ನಾ.

ಸಹಿ ಹಾಕಬೇಡಿ ಎಂದಾಗ ಜೋನಿ ಮಗಳ ಬಗ್ಗೆ ಕೇಳಲಿಲ್ಲ, ಕೋರ್ಟಿನ ಬಗ್ಗೆಯೂ ಕೇಳಲಿಲ್ಲ. "ಹಾಕ್ದೆ ಹೋದ್ರೆ ನಾನು ಮನೆಗೆ ಹೇಗೆ ಹೋಗ್ಲಿ?" ಎಂದಳು.

ವೆರ್ನಾ ನೇರ ಸಮನ್ವಯಕಾರರ ಕೋಣೆಗೆ ಹೋಗಿ, ನನ್ನ ಮೊದಲ ವರದಿ ತಪ್ಪು, ಈ ಮೇಜಿನ ಮಾತುಕತೆ ಇವತ್ತೇ ನಿಲ್ಲಿಸಿ ಎಂದರು. ಜೋನಿ ಹಿಂಬಾಗಿಲಿನಿಂದ ಹೊರಬಿದ್ದು ಟ್ಯಾಕ್ಸಿ ಹತ್ತಿ, ಶಾಲೆಯಿಂದ ಮಗಳನ್ನು ಕರೆದುಕೊಂಡು ಹೋದಳು. ಪ್ರಕರಣ ನ್ಯಾಯಾಧೀಶರ ಮುಂದೆ ಹೋಯಿತು. ಶಾಲೆಯ ದಿನಗಳಲ್ಲಿ ಹುಡುಗಿ ಈಗ ಅಮ್ಮನ ಹತ್ತಿರವೇ ಇದ್ದಾಳೆ. ಅಂದಿನಿಂದ ವೆರ್ನಾ ಹಳೆಯ ಫೈಲುಗಳನ್ನು ಒಂದೊಂದಾಗಿ ತೆಗೆದು, 'ಭಯವಿಲ್ಲ' ಎಂದು ತಾವೇ ಬರೆದವರಿಗೆಲ್ಲ ಮತ್ತೆ ಫೋನ್ ಮಾಡುತ್ತಿದ್ದಾರೆ.

ಆ ತಾಯಿ ಮಗಳನ್ನು ಉಳಿಸಿದ್ದು ನೀವೇ ಅಲ್ಲವೇ ಎಂದರೆ ದುರುಗುಟ್ಟಿ ನೋಡುತ್ತಾರೆ.

"ಉಳಿಸೋದೇನ್ ಬಂತು? ಒಂದು ವರ್ಷ ಅವ್ಳನ್ನ ಆ ಮೇಜಿಗೆ ಕೂರಿಸಿದ್ದೇ ನಾನು. ಎರಡ್ನೇ ಸಲ ಕೇಳ್ದೆ, ಅವ್ಳು ಹೇಳಿದ್ಲು. ಅವತ್ತು ಸಹಿ ಬೀಳ್ಲಿಲ್ಲ. ಅಷ್ಟು ಬರ್ಕೋ, ಸಾಕು."