ಹತ್ತೊಂಬತ್ತು ದಿನದ ಸಾಹೇಬರ ಸಾಲು

"ನಿನ್ನ ಮೋರೆಗೆ ಚರಿತ್ರೆ ಬೇರೆ ಕೇಡು. ಬ್ರಷ್ ಹಿಡಿಯೋನು ಬ್ರಷ್ ಹಿಡಿ. ಆ ಸಾಲು ಅಳಿಸು ಅಂದ್ರೆ ಅಳಿಸು."

ಬೆಳಗಿನ ಆರೂವರೆ. ಕಚೇರಿಯ ಹಜಾರದಲ್ಲಿ ಏಣಿಯ ಮೇಲಿರುವ ಪೇಂಟರ್ ಕಾಳಯ್ಯನಿಗೆ ಶಿರಸ್ತೇದಾರ್ ಪ್ರಭುಸ್ವಾಮಿ ಹೀಗೆ ಅನ್ನುವಾಗ ಕೆಳಗೆ ನಾಲ್ವರು ಜವಾನರಿದ್ದಾರೆ, ಕಸ ಗುಡಿಸುವ ಪುಟ್ಟತಾಯಮ್ಮ ಇದ್ದಾಳೆ. ಒಬ್ಬ ಜವಾನ ಕಿಸಕ್ಕೆಂದು ನಗುತ್ತಾನೆ. ಕಾಳಯ್ಯ ಬ್ರಷ್ಷನ್ನು ಡಬ್ಬಿಯ ಅಂಚಿಗೆ ಒರೆಸುತ್ತಾನೆ.

ಕಚೇರಿಯ ಹೆಸರು ಬೇಡ. ಪ್ರಾಂತ್ಯ ಆಳುವ ಸಾಹೇಬರ ಕುರ್ಚಿ ಇರುವ ಜಾಗ ಎಂದರೆ ಸಾಕು. ಆ ಕುರ್ಚಿಯಲ್ಲಿ ಕೂತವರ ಹೆಸರು, ಬಂದ ದಿನ, ಹೋದ ದಿನ ಹಜಾರದ ಕರಿ ಹಲಗೆಯ ಮೇಲಿವೆ. ಮೊದಲು ಬಿಳಿಯರು, ಆಮೇಲೆ ಅರಮನೆಯ ಕಡೆಯವರು, ಕೊನೆಗೆ ನಮ್ಮವರೆಂದು ನಾವೇ ಹಾರ ಹಾಕಿ ಕೂರಿಸಿದವರು. ನಲವತ್ತೊಂದು ಹೆಸರು. ೧೯೪೭ರಿಂದ ಈ ಹದಿನಾಲ್ಕು ವರ್ಷ, ಪ್ರತಿ ದಸರೆಗೆ ಮುಂಚೆ ಅಷ್ಟನ್ನೂ ಹೊಸದಾಗಿ ತಿದ್ದುವವನು ಕೆಸರೆಯ ಈ ಕಾಳಯ್ಯ. ಎಡಗಣ್ಣಿಗೆ ಪೊರೆ ಬಂದಿದೆ. ಏಣಿ ಹತ್ತಿದರೆ ಮೊಣಕಾಲು ನಡುಗುತ್ತದೆ. ಕೆಲಸ ಕಾಯಂ ಅಲ್ಲ. ಇದನ್ನು ಬರೆದವನು ಯಾರೆಂದು ಒಬ್ಬ ಸಾಹೇಬನೂ ತಲೆಯೆತ್ತಿ ಕೇಳಿದ್ದಿಲ್ಲ.

ಅವನದೊಂದು ಪದ್ಧತಿ. "ಸಾಹೇಬ್ರು ಕೂತಿರೋಗಂಟ ಹೋದ ದಿನದ ಜಾಗ ಖಾಲಿ ಬುಡ್ತೀನಿ. ತುಂಬಿದ್ರೆ ಬದುಕಿರೋರಿಗೆ ತಿಥಿ ಬರೆದಂಗೆ ಆಯ್ತದೆ, ಅಲ್ವ್ರಾ?"

ಇವತ್ತಿನ ಜಗಳ ಹಲಗೆಯ ಕಟ್ಟಕಡೆಯ ಸಾಲಿನದು. ಹತ್ತು ಗಂಟೆಗೆ ಹೊಸ ಸಾಹೇಬರು ಬರುತ್ತಾರೆ; ಅವರ ಹೆಸರಿನ ಚೀಟಿ ನಿನ್ನೆಯೇ ಬಂದಿದೆ. ಆದರೆ ಹಿಂದಿನವರು ಹೋಗಿ ಇವರು ಬರುವ ನಡುವೆ ಹಂಗಾಮಿ ಸಾಹೇಬರೊಬ್ಬರು ಹತ್ತೊಂಬತ್ತು ದಿನ ಅಧಿಕಾರ ನಡೆಸಿದ್ದಾರೆ. ಅವರ ಬಾಗಿಲ ಫಲಕ ಬರೆದವನೂ ಕಾಳಯ್ಯನೇ. ಚೀಟಿಯಲ್ಲಿ ಅವರ ಸುದ್ದಿ ಇಲ್ಲ. ಹಲಗೆಯಲ್ಲಿ ಉಳಿದಿದ್ದ ಒಂದೇ ಒಂದು ಸಾಲಿಗೆ ಕಾಳಯ್ಯ ಅವರನ್ನು ಬರೆದುಬಿಟ್ಟಿದ್ದಾನೆ. ಹೊಸಬರಿಗೆ ಜಾಗವಿಲ್ಲ.

"ಹಂಗಾಮಿಯೋರು ಲೆಕ್ಕಕ್ಕಿಲ್ಲ ಕಣೋ. ಆ ಮನುಷ್ಯ ನಿನಗೇನು ನೆಂಟನಾ?"

"ನೆಂಟರೆಲ್ಲಿ ಬಂತು ಸ್ವಾಮಿ. ಮೆಟ್ಟು ಹಾಕ್ಕೊಂಡು ಒಳಗೆ ಬಂದೆ ಅಂತ ಮಟಮಟ ಮಧ್ಯಾಹ್ನ ನನ್ನ ಬಿಸಿಲಲ್ಲಿ ನಿಲ್ಲಿಸಿದ್ರು. ಆದ್ರೂ ಅವರು ಆ ಕುರ್ಚೀಲಿ ಕೂತಿದ್ದು ದಿಟ. ಇನ್ನೊಂದು ಹಲಗೆ ಹಾಕ್ಸಿ, ಸಂಜೆಯೊಳಗೆ ಬರಕೊಡ್ತೀನಿ."

"ಸಂಜೆವರೆಗೆ ಹೊಸ ಸಾಹೇಬ್ರು ತಮ್ಮ ಹೆಸರು ಹುಡುಕ್ತಾ ನಿಂತಿರ್ಬೇಕಾ? ಅಳಿಸ್ತೀಯೋ, ಇಲ್ಲ ಇವತ್ತಿಂದ ಈ ಹಜಾರಕ್ಕೆ ಕಾಲಿಡೋದು ಬುಡ್ತೀಯೋ? ಬೋರ್ಡ್ ಬರೆಯೋರು ದೇವರಾಜ ಮೊಹಲ್ಲಾದಲ್ಲಿ ಬೀದಿಗೆ ನಾಲ್ಕು ಜನ ಸಿಕ್ತಾರೆ."

ಈಗ ಯಾರೂ ನಗುವುದಿಲ್ಲ. ಪುಟ್ಟತಾಯಮ್ಮನ ಪೊರಕೆ ನಿಂತಿದೆ. ಹದಿನಾಲ್ಕು ವರ್ಷದ ಅನ್ನ ಇದು; ಕಾಳಯ್ಯನಿಗೆ ಗೊತ್ತು.

ಅವನು ಮೆಲ್ಲಗೆ ಇಳಿಯುತ್ತಾನೆ. ಬಿಳಿ ಬಣ್ಣದ ಡಬ್ಬಿ ಮುಚ್ಚಿ ಚೀಲಕ್ಕೆ ಹಾಕುತ್ತಾನೆ. ಹೆಸರು ಅಳಿಸಲು ಬಳಿಯುವ ಕರಿ ಬಣ್ಣದ ಡಬ್ಬಿಯ ಮುಚ್ಚಳ ತೆಗೆದು, ಪಕ್ಕದಲ್ಲೊಂದು ಬ್ರಷ್ ಇಟ್ಟು, ಶಿರಸ್ತೇದಾರರ ಕಾಲ ಬಳಿ ಬಿಡುತ್ತಾನೆ. ಏಣಿ ಗೋಡೆಗೆ ಹಾಗೇ ಒರಗಿದೆ.

"ಏನೋ ಇದು? ಯಾರನ್ನ ಕೇಳಿ ಹೋಗ್ತಿದ್ದೀಯ?"

ಕಾಳಯ್ಯ ಬಾಗಿಲಾಚೆ ಬಿಟ್ಟಿದ್ದ ಮೆಟ್ಟು ಮೆಟ್ಟಿಕೊಂಡು, ತಿರುಗಿ ನೋಡದೆ, ಕೆಸರೆಯ ದಾರಿ ಹಿಡಿಯುತ್ತಾನೆ.